ಪತ್ರೊಡೆಗೂ ಇಂಗ್ಲಿಷ್ ಪಾಠಕ್ಕೂ ಎಲ್ಲಿಯ ನಂಟು?

ಆಟಿ ತಿಂಗಳು ಬಂತೆಂದರೆ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಎಷ್ಟೋ ಶಾಲೆಗಳಲ್ಲಿ ‘ಆಟಿಡೊಂಜಿ ದಿನ’ದ ಸಂಭ್ರಮ. ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಜಡಿಮಳೆಯ ದಿನಗಳವು. ಬೆಂಚುಗಳನ್ನು ಸಾಲಾಗಿ ಜೋಡಿಸಿ, ಬಾಳೆಲೆ ಹಾಸಿ, ಮನೆಗಳಿಂದ ಬಂದ ಕೆಸುವಿನ ಎಲೆಯ ಪತ್ರೊಡೆ, ಎಳೆ ಬಿದಿರಿನ ಕಣಿಲೆ ಪಲ್ಯ, ತಿಮರೆ ಚಟ್ನಿ, ಉಪ್ಪಡ್ ಪಚ್ಚಿರ್ ಇಡುತ್ತಾರೆ. ತುಳುವಿನಲ್ಲಿ ಮಾತು, ಕನ್ನಡದಲ್ಲಿ ಧನ್ಯವಾದ. ಮರುದಿನ ಇಂಗ್ಲಿಷ್ ಪಿರಿಯಡ್‌ನಲ್ಲಿ ಅದೇ ಮಕ್ಕಳು ಚಾರ್ಟ್ ನೋಡಿ ‘ಐ ಲೈಕ್ ಪಿಜ್ಜಾ’ ಎನ್ನುತ್ತಾರೆ. ಹಿಂದಿನ ದಿನ ಗಂಟೆಗಟ್ಟಲೆ ಮಾತಾಡಿದ ಯಾವುದೂ ಇಂಗ್ಲಿಷ್ ತರಗತಿಯ ಹೊಸ್ತಿಲು ದಾಟುವುದಿಲ್ಲ.

ಆಹಾರದ ಪಾಠ ಭಾಷೆ ಕಲಿಸಲು ಒಳ್ಳೆಯ ದಾರಿ ಎಂಬುದರಲ್ಲಿ ಯಾರಿಗೂ ತಕರಾರಿಲ್ಲ. ಅಪರೂಪದ ಆಹಾರವಾದರೆ ಮಕ್ಕಳ ಕುತೂಹಲ ಇನ್ನೂ ಹೆಚ್ಚು. ಆದರೆ ಯಾವ ಆಹಾರ, ಯಾರ ಆಹಾರ, ಹೇಗೆ ಕಲಿಸುವುದು ಎಂಬಲ್ಲಿ ಕೆಲವು ತಪ್ಪು ಕಲ್ಪನೆಗಳು ಗಟ್ಟಿಯಾಗಿ ಕೂತಿವೆ.

ತಪ್ಪು ಕಲ್ಪನೆ: ಇಂಗ್ಲಿಷ್ ಕಲಿಸಬೇಕಾದರೆ ಇಂಗ್ಲಿಷರ ಊಟದ ಬಗ್ಗೆಯೇ ಪಾಠ ಇರಬೇಕು

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಆಮೇಲೆ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳೂ ಬಂದವು. ಮನೆಯಲ್ಲಿ ತುಳು, ಬ್ಯಾರಿ ಅಥವಾ ಕೊಂಕಣಿ ಮಾತಾಡುವ, ಶಾಲೆಯಲ್ಲಿ ಕನ್ನಡ ಕಲಿಯುವ ಮಗುವಿಗೆ ಇಂಗ್ಲಿಷ್ ಮೂರನೆಯದೋ ನಾಲ್ಕನೆಯದೋ ಭಾಷೆ. ಅದಕ್ಕೆ ಭಾಷೆಯೂ ಹೊಸತು, ವಿಷಯವೂ ಹೊಸತು ಎಂದರೆ ಹೊರೆ ಇಮ್ಮಡಿ.

ಇದು ಊಹೆಯ ಮಾತಲ್ಲ. 1979ರಲ್ಲಿ ಸ್ಟೆಫೆನ್‌ಸೆನ್, ಜೋಗದೇವ್, ಆಂಡರ್ಸನ್ ಎಂಬ ಮೂವರು ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಭಾರತೀಯ ಮದುವೆಯ ಬಗ್ಗೆ, ಇನ್ನೊಂದು ಅಮೆರಿಕದ ಮದುವೆಯ ಬಗ್ಗೆ ಇಂಗ್ಲಿಷಿನಲ್ಲಿ ಬರೆದ ಎರಡು ಪತ್ರಗಳನ್ನು ಭಾರತೀಯರಿಗೂ ಅಮೆರಿಕನ್ನರಿಗೂ ಓದಲು ಕೊಟ್ಟರು. ಇಬ್ಬರೂ ತಮ್ಮ ಕಡೆಯ ಮದುವೆಯ ಪತ್ರವನ್ನು ಬೇಗ ಓದಿ ಮುಗಿಸಿದರು, ಹೆಚ್ಚು ನೆನಪಿಟ್ಟುಕೊಂಡರು. ಇನ್ನೊಂದನ್ನು ಓದುವಾಗ ಅರ್ಥವನ್ನೇ ಅಲ್ಲಲ್ಲಿ ತಿರುಚಿಕೊಂಡರು. ಇಂಗ್ಲಿಷ್ ಚೆನ್ನಾಗಿ ಬಲ್ಲ ದೊಡ್ಡವರ ಸ್ಥಿತಿಯೇ ಹೀಗಾದರೆ ವಗ್ಗದ ಅಥವಾ ವೇಣೂರಿನ ಐದನೇ ತರಗತಿಯ ಮಗುವಿನ ಪಾಡೇನು? ತಿಳಿದ ವಿಷಯವನ್ನು ತಿಳಿಯದ ಭಾಷೆಯಲ್ಲಿ ಹೇಳುವುದು ಕಲಿಕೆ. ಎರಡೂ ತಿಳಿಯದಿದ್ದರೆ ಉಳಿಯುವುದು ಬಾಯಿಪಾಠ ಮಾತ್ರ.

ತಪ್ಪು ಕಲ್ಪನೆ: ‘ವಿಚಿತ್ರ ಆಹಾರ’ ಎಂದರೆ ದೂರದೇಶದವರ ಆಹಾರ

ಈ ಬಗೆಯ ಪಾಠಗಳಲ್ಲಿ ಹುರಿದ ಮಿಡತೆಯ ಚಿತ್ರ ಕಡ್ಡಾಯ ಎಂಬಂತಾಗಿದೆ. ಮಕ್ಕಳು ‘ಛೀ’ ಎನ್ನುತ್ತಾರೆ, ಟೀಚರ್ ನಗುತ್ತಾರೆ, ಬೋರ್ಡಿನ ಮೇಲೆ ‘ಡಿಸ್‌ಗಸ್ಟಿಂಗ್’ ಎಂಬ ಪದ ಬರುತ್ತದೆ. ಒಂದು ಹೊಸ ಪದ ಕಲಿತಂತಾಯಿತು ನಿಜ. ಅದರ ಜೊತೆಗೆ ಕಲಿತದ್ದು ಒಳ್ಳೆಯದಲ್ಲ.

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ಮನುಷ್ಯರು ತಿನ್ನುವ ಕೀಟಗಳ ಬಗೆ 1,900ಕ್ಕೂ ಹೆಚ್ಚು. ಅಷ್ಟು ದೂರವೂ ಹೋಗಬೇಕಾಗಿಲ್ಲ. ನಮ್ಮದೇ ಮಲೆನಾಡಿನಲ್ಲಿ ಇರುವೆಯ ಚಿಗಳಿ ಚಟ್ನಿ ಇದೆ. ಒಡಿಶಾದ ಮಯೂರ್‌ಭಂಜ್‌ನ ಕೆಂಪಿರುವೆ ಚಟ್ನಿಗೆ 2024ರಲ್ಲಿ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದೆ.

ಇನ್ನೂ ಹತ್ತಿರದಲ್ಲಿ, ತರಗತಿಯ ಒಳಗೇ ನೋಡಿ. ಪತ್ರೊಡೆ ಬ್ರಾಹ್ಮಣರ ಮನೆಯಲ್ಲೂ ಬಂಟರ ಮನೆಯಲ್ಲೂ ಕೊಂಕಣಿ ಕ್ರೈಸ್ತರ ಮನೆಯಲ್ಲೂ ಆಗುತ್ತದೆ. ಆದರೆ ಮೂಡುಬಿದಿರೆಯ ಬಸದಿಗಳ ಸುತ್ತಲಿನ ಕಟ್ಟುನಿಟ್ಟಿನ ಜೈನ ಮನೆಗಳಲ್ಲಿ ಚಾತುರ್ಮಾಸದ ದಿನಗಳಲ್ಲಿ ಸೊಪ್ಪು ತಿನ್ನುವುದಿಲ್ಲ. ಮಳೆಗಾಲದ ಎಲೆಯಲ್ಲಿ ಸಣ್ಣ ಜೀವಿಗಳಿರುತ್ತವೆ, ಹಿಂಸೆಯಾಗುತ್ತದೆ ಎಂಬುದು ಕಾರಣ. ಗೆಡ್ಡೆ ಗೆಣಸೂ ಇಲ್ಲ. ಒಬ್ಬನಿಗೆ ಆಟಿಯ ಸಡಗರವಾದದ್ದು ಪಕ್ಕದ ಬೆಂಚಿನವಳಿಗೆ ಆಟಿಯಲ್ಲೇ ಮುಟ್ಟಬಾರದ್ದು. ಒಣಮೀನಿನ ಚಟ್ನಿ ಒಬ್ಬನಿಗೆ ಗಂಜಿಯ ಜೊತೆಗಾರ, ಇನ್ನೊಬ್ಬನಿಗೆ ಮೂಗು ಮುಚ್ಚುವ ವಸ್ತು. ಹಾಗಾಗಿ ವಿಚಿತ್ರ ಎಂಬ ಗುಣ ಆಹಾರದಲ್ಲಿಲ್ಲ, ನೋಡುವವರ ಅಭ್ಯಾಸದಲ್ಲಿದೆ.

ಇಲ್ಲಿ ಶಿಕ್ಷಕರು ತುಂಬಾ ಜಾಗ್ರತೆ ವಹಿಸಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ‘ವಾಟ್ ಡಿಡ್ ಯು ಈಟ್ ಲಾಸ್ಟ್ ನೈಟ್?’ ಎಂಬುದು ಭೂತಕಾಲ ಕಲಿಸಲು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಊರಲ್ಲಿ ತಟ್ಟೆ ನೋಡಿ ಜಾತಿ ಹೇಳಬಹುದು, ಮತ ಹೇಳಬಹುದು, ಮನೆಯ ಬಡತನವನ್ನೂ ಹೇಳಬಹುದು. ನಲವತ್ತು ಮಕ್ಕಳೆದುರು ಎದ್ದು ನಿಂತ ಮಗು ಸುಳ್ಳು ಹೇಳುವ ಪರಿಸ್ಥಿತಿ ತಂದರೆ ಆ ಪಾಠ ಸೋತಂತೆಯೇ. ಊಟದ ಬದಲು ಎಲೆಯನ್ನು, ಕಾಯಿಯನ್ನು, ಮಾಡುವ ವಿಧಾನವನ್ನು ಮುಂದಿಡಿ. ತನ್ನ ಮನೆಯ ಸಂಗತಿ ಹೇಳಬೇಕೋ ಬೇಡವೋ ಎಂಬುದನ್ನು ಮಗುವೇ ತೀರ್ಮಾನಿಸಲಿ. ಜೈನ ಹುಡುಗಿ ತಾನಾಗಿ ‘ವಿ ಡೋಂಟ್ ಈಟ್ ಲೀವ್ಸ್ ಇನ್ ದಿ ರೇನಿ ಸೀಸನ್ ಬಿಕಾಸ್...’ ಎಂದು ಶುರುಮಾಡಿದರೆ ಅದಕ್ಕಿಂತ ಒಳ್ಳೆಯ ಇಂಗ್ಲಿಷ್ ವಾಕ್ಯ ಆ ದಿನ ತರಗತಿಯಲ್ಲಿ ಇನ್ನೊಂದು ಬರಲಾರದು.

ತಪ್ಪು ಕಲ್ಪನೆ: ತಿಂಡಿತಿನಿಸಿನ ಮಾತೆಲ್ಲ ಮನರಂಜನೆ, ವ್ಯಾಕರಣ ಬೇರೆಯೇ ಕಲಿಸಬೇಕು

ಕರ್ನಾಟಕದಿಂದಲೇ ಇದಕ್ಕೆ ಉತ್ತರ ಹೊರಟಿತ್ತು. 1979ರಿಂದ 1984ರವರೆಗೆ ಎನ್. ಎಸ್. ಪ್ರಭು ಅವರ ನೇತೃತ್ವದಲ್ಲಿ ದಕ್ಷಿಣ ಭಾರತದ ಕೆಲವು ಸಾಮಾನ್ಯ ಶಾಲೆಗಳಲ್ಲಿ ಒಂದು ಪ್ರಯೋಗ ನಡೆಯಿತು. ಜಗತ್ತಿನ ಭಾಷಾ ಶಿಕ್ಷಣದ ಪುಸ್ತಕಗಳಲ್ಲಿ ಅದಕ್ಕೆ ‘ಬೆಂಗಳೂರು ಯೋಜನೆ’ ಎಂದೇ ಹೆಸರು. ವ್ಯಾಕರಣದ ಪಟ್ಟಿ ಹಿಡಿದು ಪಾಠ ಮಾಡುವ ಬದಲು ಮಕ್ಕಳ ಮುಂದೆ ರೈಲಿನ ವೇಳಾಪಟ್ಟಿ, ನಕ್ಷೆಯಂಥವನ್ನು ಇಟ್ಟು ಬಿಡಿಸಬೇಕಾದ ಸಮಸ್ಯೆ ಕೊಡುತ್ತಿದ್ದರು. ಗಮನ ಅರ್ಥದ ಮೇಲಿದ್ದಾಗ ಭಾಷೆಯ ರಚನೆ ತಾನಾಗಿ ಒಳಗಿಳಿಯುತ್ತದೆ ಎಂಬುದು ಪ್ರಭು ಅವರ ನಿಲುವು. 1985ರಲ್ಲಿ ಬೆರೆಟ್ಟಾ ಮತ್ತು ಡೇವಿಸ್ ಪ್ರಕಟಿಸಿದ ಮೌಲ್ಯಮಾಪನ, ಎಚ್ಚರಿಕೆಯ ಮಾತುಗಳೊಂದಿಗೇ ಆದರೂ, ಒಟ್ಟಾರೆ ಈ ನಿಲುವಿನ ಪರವಾಗಿಯೇ ಇತ್ತು.

ಪ್ರಭು ಅವರ ವೇಳಾಪಟ್ಟಿಯ ಜಾಗದಲ್ಲಿ ಪತ್ರೊಡೆಯನ್ನು ಇಡೋಣ. ಮೇಜಿನ ಮೇಲೆ ಒಂದು ಕೆಸುವಿನ ಎಲೆ, ತುಳುವಿನ ತೇವು. ಅದರ ಮೇಲೆ ನೀರು ಚಿಮುಕಿಸಿದರೆ ಹನಿ ಮುತ್ತಿನಂತೆ ಉರುಳಿ ಕೆಳಗೆ ಬೀಳುತ್ತದೆ, ಎಲೆ ಒದ್ದೆಯಾಗುವುದಿಲ್ಲ. ಮಕ್ಕಳು ನೋಡಿಯೇ ಇರುವ ಸಂಗತಿ, ಆದರೆ ಇಂಗ್ಲಿಷಿನಲ್ಲಿ ಹೇಳಲು ಈಗ ಕ್ರಿಯಾಪದ ಬೇಕು: ಬೀಳು, ಉರುಳು, ಅಂಟು, ನಿಲ್ಲು. ಆಮೇಲೆ ಕಾರಣದ ಪ್ರಶ್ನೆ: ಮಸಾಲೆ ಅರೆಯುವಾಗ ಹುಣಸೆಹುಳಿ ಯಾಕೆ? ಕೆಸು ತಿಂದರೆ ‘ಅಲರ್ಜಿ ಇದ್ದವರಿಗೆ ಮಾತ್ರ ಬಾಯಿ ತುರಿಸುತ್ತದೆ’ ಎಂಬ ನಂಬಿಕೆ ಇದೆ. ಅದು ನಿಜವಲ್ಲ. ಕೆಸುವಿನಲ್ಲಿ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಯಂಥ ಹರಳುಗಳಿರುತ್ತವೆ. ಅವು ಚುಚ್ಚುವುದರಿಂದ ಯಾರಿಗಾದರೂ ತುರಿಸೀತು. ಹುಳಿ ಹಾಕಿ ಚೆನ್ನಾಗಿ ಬೇಯಿಸಿದರೆ ತುರಿಕೆ ತಗ್ಗುತ್ತದೆ. ‘ಇಫ್’, ‘ಬಿಕಾಸ್’, ‘ಸೋ’ ಮೂರಕ್ಕೂ ಇಲ್ಲಿ ಕೆಲಸವಿದೆ, ಅದೂ ಮಗುವಿಗೆ ಅರ್ಥವಾಗುವ ಕೆಲಸ.

ಇನ್ನು ಸಮಸ್ಯೆ. ಮಧ್ಯಾಹ್ನ ಒಂದು ಗಂಟೆಗೆ ನೆಂಟರು ಬರುತ್ತಾರೆ. ಅಕ್ಕಿ ನೆನೆಯಲು ಮೂರು ಗಂಟೆ, ಮಸಾಲೆಯ ಜೊತೆ ಅರೆಯಲು ಅರ್ಧ ಗಂಟೆ, ಎಲೆಗೆ ಹಚ್ಚಿ ಒಂದರ ಮೇಲೊಂದಿಟ್ಟು ಸುತ್ತಲು ಕಾಲು ಗಂಟೆ, ಹಬೆಯಲ್ಲಿ ಬೇಯಲು ಮುಕ್ಕಾಲು ಗಂಟೆ, ಆರಿಸಿ ಹೆಚ್ಚಿ ಒಗ್ಗರಣೆ ಕೊಡಲು ಅರ್ಧ ಗಂಟೆ. ಅಕ್ಕಿ ಎಷ್ಟು ಹೊತ್ತಿಗೆ ನೆನೆಹಾಕಬೇಕು? ಈ ಸಮಯಗಳನ್ನು ಒಂದೊಂದು ಚೀಟಿಯಲ್ಲಿ ಬರೆದು ಬೇರೆ ಬೇರೆ ಗುಂಪಿಗೆ ಹಂಚಿದರೆ ಪರಸ್ಪರ ಕೇಳದೆ ಉತ್ತರ ಸಿಗುವುದಿಲ್ಲ. ‘ಹೌ ಲಾಂಗ್’ ಎಂದು ಕೇಳಲೇಬೇಕು, ‘ಫಸ್ಟ್’, ‘ಆಫ್ಟರ್ ದ್ಯಾಟ್’ ಎಂದು ಜೋಡಿಸಲೇಬೇಕು. ಎಂಟು ಗಂಟೆ ಎಂಬ ಉತ್ತರಕ್ಕೆ ಬರುವಷ್ಟರಲ್ಲಿ ಪ್ರಶ್ನಾವಾಕ್ಯ ಎಷ್ಟು ಸಲ ಬಾಯಿಗೆ ಬಂದಿರುತ್ತದೆ, ಯೋಚಿಸಿ. ರೆಸಿಪಿಯನ್ನು ಬೋರ್ಡಿನಿಂದ ನಕಲು ಮಾಡಿಸಿದರೆ ಇದ್ಯಾವುದೂ ಆಗುವುದಿಲ್ಲ.

ಭೂತಕಾಲ ಬೇಕೆಂದರೆ ಉಪ್ಪಡ್ ಪಚ್ಚಿರ್ ಇದೆ. ಬೇಸಗೆಯಲ್ಲಿ ಹಲಸಿನ ಸೊಳೆ ಬಿಡಿಸಿದೆವು, ಭರಣಿಯಲ್ಲಿ ಉಪ್ಪು ಹಾಕಿ ಇಟ್ಟೆವು. ಈಗ ಮಳೆಗಾಲದಲ್ಲಿ ನೀರಿಗೆ ಹಾಕಿ ಉಪ್ಪು ಬಿಡಿಸುತ್ತಿದ್ದೇವೆ. ಕಣಿಲೆಗೆ ದಿನವೂ ನೀರು ಬದಲಿಸುವುದು ಯಾಕೆ ಎಂಬುದರಲ್ಲಿ ಒಂದು ವಿಜ್ಞಾನ ಪಾಠವೇ ಇದೆ. ಎಳೆ ಬಿದಿರಿನಲ್ಲಿ ಸಯನೈಡ್ ಬಿಡುಗಡೆ ಮಾಡುವ ಅಂಶವಿದೆ, ನೆನೆಸಿ ನೀರು ಚೆಲ್ಲಿ ಬೇಯಿಸಿದಾಗ ಅದು ಹೋಗುತ್ತದೆ. ಇದನ್ನು ನಮ್ಮ ಅಜ್ಜಿಯಂದಿರು ಪ್ರಯೋಗಾಲಯವಿಲ್ಲದೆ ಕಂಡುಕೊಂಡಿದ್ದರು.

ತಪ್ಪು ಕಲ್ಪನೆ: ನಡುವೆ ತುಳುವೋ ಕನ್ನಡವೋ ಬಂದರೆ ಇಂಗ್ಲಿಷ್ ಕೆಡುತ್ತದೆ

ಕೆಡುವುದಿಲ್ಲ. ಮಕ್ಕಳ ಬಹುಭಾಷಿಕತೆ ತರಗತಿಗೆ ಸಂಪನ್ಮೂಲ ಎಂದು 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಸ್ಪಷ್ಟವಾಗಿ ಹೇಳಿದೆ. ಗುಂಪಿನೊಳಗೆ ತುಳುವಿನಲ್ಲಿ ಚರ್ಚಿಸಿ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳಲಿ. ಪತ್ರೊಡೆಯನ್ನು ಪತ್ರೊಡೆ ಎಂದೇ ಕರೆಯಲಿ. ಪಿಜ್ಜಾ ತನ್ನ ಹೆಸರು ಬದಲಿಸಿಕೊಂಡು ಬಂದಿಲ್ಲವಲ್ಲ.

ಹೀಗೆ ತಮ್ಮ ಊಟವನ್ನು ವಿವರಿಸಲು ಕಲಿತ ಮಕ್ಕಳ ಮುಂದೆ ಆಮೇಲೆ ಜಪಾನಿನ ನಾಟ್ಟೊ ಇಡಿ. ಹುದುಗೆಬ್ಬಿಸಿದ, ನೂಲು ನೂಲಾಗಿ ಅಂಟುವ ಸೋಯಾಕಾಳು ಅದು. ಸಿಂಗಪುರದ ಮೆಟ್ರೋ ರೈಲಿನಲ್ಲಿ ವಾಸನೆಯ ಕಾರಣಕ್ಕೆ ಒಯ್ಯಬಾರದೆಂದಿರುವ ದುರಿಯನ್ ಹಣ್ಣಿನ ಚಿತ್ರ ತೋರಿಸಿ. ಭರಣಿ ತೆರೆದಾಗಿನ ಘಾಟು ಬಲ್ಲ ಮಕ್ಕಳ ಬಾಯಲ್ಲಿ ಆಗ ‘ಛೀ’ಗಿಂತ ಮೊದಲು ಪ್ರಶ್ನೆ ಬರುತ್ತದೆ: ಹೇಗೆ ಮಾಡುತ್ತಾರೆ, ಎಷ್ಟು ದಿನ ಇಡುತ್ತಾರೆ, ಯಾರು ತಿನ್ನುತ್ತಾರೆ?

ತಪ್ಪು ಕಲ್ಪನೆ: ರುಚಿ ನೋಡದಿದ್ದರೆ ಆಹಾರದ ಪಾಠ ಅಪೂರ್ಣ

ರುಚಿ ನೋಡುವುದು ಕಡ್ಡಾಯವಲ್ಲ, ಕೆಲವು ಸಲ ಕೂಡದು. ಕಾಡಿನ ಅಣಬೆಯನ್ನು ತರಗತಿಗೆ ತರಿಸಲೇಬೇಡಿ. ವಿಷದ ಅಣಬೆಯನ್ನು ಗುರುತಿಸುವುದು ಮಕ್ಕಳ ಕೆಲಸವಲ್ಲ. ಆಟಿ ಅಮಾವಾಸ್ಯೆಯ ಮುಂಜಾನೆ ಕುಡಿಯುವ ಹಾಲೆ ಮರದ ಕಷಾಯದ ಬಗ್ಗೆ ಮಾತಾಡಿ, ತೊಗಟೆ ತರಿಸಬೇಡಿ. ಕತ್ತಲಲ್ಲಿ ಮರ ತಪ್ಪಿ ಕಾಸರಕದ ತೊಗಟೆ ಕೆತ್ತಿ ತಂದರೆ ಜೀವಕ್ಕೇ ಅಪಾಯ, ಅದರಲ್ಲಿರುವುದು ಸ್ಟ್ರಿಕ್ನಿನ್. ‘ಮಸ್ಟ್’ ಮತ್ತು ‘ಮಸ್ಟ್ ನಾಟ್’ ಕಲಿಸಲು ಈ ಎರಡು ಮರಗಳ ಚಿತ್ರವೇ ಸಾಕು. ಹಸಿ ಕೆಸುವಿನ ಎಲೆಯನ್ನು ಹೆಚ್ಚುವುದಿದ್ದರೆ ಶಿಕ್ಷಕರೇ ಹೆಚ್ಚಲಿ, ಅದೂ ಕೈಗೆ ತೆಂಗಿನೆಣ್ಣೆ ಹಚ್ಚಿಕೊಂಡು.