ಸಲಿಂಗಿ ಕಲಾವಿದರ ಸ್ಪರ್ಧೆ ನಡೆಸುವುದು ಅಪರಾಧವೇ? ಪೋಸ್ಟರ್ ಫಾರ್ವರ್ಡ್ ಮಾಡುವ ಮುನ್ನ

2019ರಲ್ಲಿ ‘ಮಿಸ್ಟರ್ ಗೇ ಇಂಡಿಯಾ’ ಕಿರೀಟ ಗೆದ್ದವರು ಬೆಂಗಳೂರಿನ ಸುರೇಶ್ ರಾಮದಾಸ್. ಕದ್ದುಮುಚ್ಚಿ ನಡೆದ ಸ್ಪರ್ಧೆಯಲ್ಲ ಅದು. ಪತ್ರಿಕೆಗಳಲ್ಲಿ ಹೆಸರು, ಫೋಟೊ ಸಮೇತ ಸುದ್ದಿಯಾಯಿತು. ಬೆಂಗಳೂರು, ಮುಂಬೈ ಎಂದರೆ ನಮಗೆ ಅಷ್ಟು ಆಶ್ಚರ್ಯವಿಲ್ಲ. ಅದೇ ಸ್ಪರ್ಧೆಯ ಮೊದಲ ಸುತ್ತನ್ನು ರಾಯಚೂರಿನಲ್ಲಿ ನಡೆಸುತ್ತೇವೆ, ಮಾನ್ವಿ, ದೇವದುರ್ಗದ ಹುಡುಗರೂ ಬರಬಹುದು ಎಂದು ಯಾರಾದರೂ ಪೋಸ್ಟರ್ ಹಾಕಿದರೆ? ಅರ್ಧ ಗಂಟೆಯಲ್ಲಿ ಅದು ಊರಿನ ಎಲ್ಲ ಗ್ರೂಪುಗಳಿಗೂ ತಲುಪುತ್ತದೆ. ‘ಇದು ಕಾನೂನುಬಾಹಿರ’, ‘ವಿದೇಶಿ ಸಂಸ್ಕೃತಿ’, ‘ಮಕ್ಕಳು ಕೆಡುತ್ತಾರೆ’, ‘ರೋಗ ಹರಡುತ್ತದೆ’ ಎಂಬ ಮಾತುಗಳೂ ಜತೆಗೇ ಅಂಟಿಕೊಂಡು ಬರುತ್ತವೆ. ಈ ಮಾತುಗಳಲ್ಲಿ ಎಷ್ಟು ನಿಜ?

ಮೊದಲು ಕಾನೂನು

ಭಾರತೀಯ ದಂಡ ಸಂಹಿತೆಯ 377ನೇ ಕಲಂ ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿತ್ತು. 2009ರಲ್ಲಿ ದೆಹಲಿ ಹೈಕೋರ್ಟ್ ಅದನ್ನು ಸಡಿಲಿಸಿತು, 2013ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ತೀರ್ಪನ್ನು ರದ್ದು ಮಾಡಿತು. ಕೊನೆಗೆ 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ವಯಸ್ಕರು ಒಪ್ಪಿಗೆಯಿಂದ ಖಾಸಗಿಯಾಗಿ ಹೊಂದುವ ಸಂಬಂಧ ಅಪರಾಧವಲ್ಲ ಎಂದು ಒಮ್ಮತದಿಂದ ಹೇಳಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 377ರಂಥ ಕಲಮೇ ಇಲ್ಲ. ಹಾಗಾಗಿ ‘ಸಲಿಂಗಕಾಮ ಅಪರಾಧ: ಸುಪ್ರೀಂ ಕೋರ್ಟ್’ ಎಂಬ ತಲೆಬರಹದ ಸ್ಕ್ರೀನ್‌ಶಾಟ್ ನಿಮಗೆ ಬಂದರೆ ದಿನಾಂಕ ನೋಡಿ. ಅದು 2013ರ ಸುದ್ದಿಯಾಗಿರುತ್ತದೆ.

ಇನ್ನೊಂದು ವಿಷಯವನ್ನು ಬಹಳ ಜನ ಗಮನಿಸಿಲ್ಲ. 377 ಶಿಕ್ಷಿಸುತ್ತಿದ್ದುದು ಒಂದು ಕೃತ್ಯವನ್ನು, ವ್ಯಕ್ತಿಯನ್ನಲ್ಲ. ‘ನಾನು ಗೇ’ ಎಂದು ಹೇಳಿಕೊಳ್ಳುವುದಾಗಲಿ, ವೇದಿಕೆ ಹತ್ತಿ ಕುಣಿಯುವುದಾಗಲಿ ಆಗಲೂ ಅಪರಾಧವಾಗಿರಲಿಲ್ಲ. ಬೆಂಗಳೂರಿನಲ್ಲಿ ಪ್ರೈಡ್ ಮೆರವಣಿಗೆ 2008ರಿಂದಲೇ, ಅಂದರೆ ಆ ಕಲಂ ಜೀವಂತ ಇದ್ದಾಗಲೇ ನಡೆಯುತ್ತಿತ್ತು. ಮಿಸ್ಟರ್ ಗೇ ವರ್ಲ್ಡ್ ಸ್ಪರ್ಧೆ 2009ರಲ್ಲಿ ಕೆನಡಾದಲ್ಲಿ ಶುರುವಾದಾಗಲೇ ಭಾರತದಿಂದ ಒಬ್ಬರು ಹೋಗಿದ್ದರು.

ಇದರ ಎದುರು ದಿಕ್ಕಿನ ತಪ್ಪು ಸುದ್ದಿಯೂ ಓಡಾಡುತ್ತದೆ, ‘ಸಲಿಂಗ ಮದುವೆಗೂ ಅನುಮತಿ ಸಿಕ್ಕಿದೆ’ ಎಂದು. ಸಿಕ್ಕಿಲ್ಲ. 2023ರ ಅಕ್ಟೋಬರ್ 17ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಒಪ್ಪಲಿಲ್ಲ.

ಮೊದಲ ಸುತ್ತು ಎಂದರೇನು?

ಅಮೆರಿಕದಲ್ಲಿ ‘ಮಿಸ್ ಗೇ ಅಮೆರಿಕಾ’ ಎಂಬ ಸ್ಪರ್ಧೆ 1972ರಲ್ಲಿ ನ್ಯಾಶ್‌ವಿಲ್ ನಗರದಲ್ಲಿ ಶುರುವಾಯಿತು. ಸ್ತ್ರೀವೇಷ ಹಾಕಿ ರಂಜಿಸುವ ಪುರುಷ ಕಲಾವಿದರ ಸ್ಪರ್ಧೆ ಅದು. ದೊಡ್ಡ ವೇದಿಕೆಗೆ ನೇರ ಪ್ರವೇಶವಿಲ್ಲ. ಊರು, ರಾಜ್ಯ ಮಟ್ಟದ ಸುತ್ತುಗಳಲ್ಲಿ ಗೆದ್ದವರು ಮೇಲಿನ ಹಂತಕ್ಕೆ ಹೋಗುತ್ತಾರೆ. ನಮ್ಮ ಪ್ರತಿಭಾ ಕಾರಂಜಿ ನೆನಪಿದ್ದರೆ ಸಾಕು: ಕ್ಲಸ್ಟರ್, ತಾಲ್ಲೂಕು, ಜಿಲ್ಲೆ, ರಾಜ್ಯ. ಅಷ್ಟೇ.

ಅಂಕ ಕೊಡುವುದು ಸಾಮಾನ್ಯವಾಗಿ ಮೂರು ನಾಲ್ಕು ಭಾಗಗಳಿಗೆ. ಪ್ರಶ್ನೆಗೆ ಉತ್ತರಿಸುವ ಮಾತು, ಕಲೆ, ಉಡುಗೆ, ವೇದಿಕೆಯ ಮೇಲಿನ ನಡೆ. ಮೈಕಟ್ಟಿಗೇ ಬಹುಮಾನ ಎಂದು ಹೊರಗಿನವರು ಅಂದುಕೊಳ್ಳುತ್ತಾರೆ, ಆದರೆ ಮಾತಿನ ಸುತ್ತಿನ ತೂಕ ಕಡಿಮೆಯಿಲ್ಲ. 2018ರ ಮಿಸ್ಟರ್ ಗೇ ವರ್ಲ್ಡ್‌ನಲ್ಲಿ ಎರಡನೇ ರನ್ನರ್ ಅಪ್ ಆದ ಸಮರ್ಪಣ್ ಮೈತಿ ಪಶ್ಚಿಮ ಬಂಗಾಳದ ಹಳ್ಳಿಯೊಂದರಿಂದ ಬಂದ ವಿಜ್ಞಾನಿ.

ಆಯೋಜಕರಿಗೂ ಸ್ಪರ್ಧಿಗಳಿಗೂ ಇಲ್ಲಿ ಒಂದು ಎಚ್ಚರಿಕೆ ಬೇಕು. ‘ರಾಜ್ಯ ಮಟ್ಟಕ್ಕೆ ಆಯ್ಕೆ’ ಎಂದು ಪೋಸ್ಟರಿನಲ್ಲಿ ಬರೆಯುವುದು ಸುಲಭ. ಗೆದ್ದವರನ್ನು ಮುಂದೆ ಯಾರು ಕರೆಯುತ್ತಾರೆ, ಪ್ರಯಾಣದ ಖರ್ಚು ಯಾರದ್ದು ಎಂಬುದು ಬರಹದಲ್ಲಿ ಇರಬೇಕು. ಇವೆರಡಕ್ಕೂ ಉತ್ತರವಿಲ್ಲದೆ, ಯಾರದೋ ಖಾಸಗಿ ಯುಪಿಐ ನಂಬರಿಗೆ ‘ನೋಂದಣಿ ಶುಲ್ಕ’ ಮಾತ್ರ ಹಾಕಿ ಎಂದರೆ ದುಡ್ಡು ಹಾಕಬೇಡಿ. ಸಿನಿಮಾ ಆಡಿಷನ್ ಹೆಸರಿನಲ್ಲಿ ನಡೆಯುವ ಮೋಸವೂ ಹೀಗೆಯೇ ಇರುತ್ತದೆ. ಇಲ್ಲಿ ಇನ್ನೂ ಒಂದು ಹೆಜ್ಜೆ ಕೆಟ್ಟದ್ದು: ಮೋಸಹೋದವರು ಮನೆಗೆ ಗೊತ್ತಾದೀತು ಎಂಬ ಹೆದರಿಕೆಯಿಂದ ದೂರು ಕೊಡುವುದಿಲ್ಲ.

‘ಇದು ನಮ್ಮ ಸಂಸ್ಕೃತಿಯಲ್ಲ’

ಕಿರೀಟ, ಸ್ಯಾಶ್, ರ‍್ಯಾಂಪ್ ಹೊರಗಿನವು, ನಿಜ. ಮಿಸ್ ಇಂಡಿಯಾ ಸ್ಪರ್ಧೆಯೂ ಹೊರಗಿನದೇ, ಕ್ರಿಕೆಟ್ಟೂ ಹೊರಗಿನದೇ. ಆದರೆ ಗಂಡಸು ಹೆಣ್ಣುವೇಷ ಹಾಕಿ ಜನರನ್ನು ರಂಜಿಸುವುದು ಹೊರಗಿನದು ಎಂದರೆ ನಮ್ಮ ಜಾತ್ರೆಗಳೇ ನಗುತ್ತವೆ. ದೊಡ್ಡಾಟದಲ್ಲಿ ದ್ರೌಪದಿಯ ಪಾತ್ರ ಕಟ್ಟುತ್ತಿದ್ದವರು ಊರಿನ ಗಂಡಸರೇ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಉಟ್ಟ ಸೀರೆಯ ಶೈಲಿಯನ್ನು ಹೆಂಗಸರೇ ಅನುಕರಿಸುತ್ತಿದ್ದರು. ಅವರಿಗೆ 1964ರಲ್ಲಿ ಪದ್ಮಭೂಷಣ ಸಿಕ್ಕಿತು. ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ ಸ್ತ್ರೀವೇಷ ಮನೆಮಾತು.

ಇನ್ನು ಯಲ್ಲಮ್ಮನ ಪರಂಪರೆ. ಸವದತ್ತಿಯ ತನಕ ಹೋಗಬೇಕಿಲ್ಲ, ಮಾನ್ವಿ ತಾಲ್ಲೂಕಿನ ನೀರಮಾನ್ವಿಯಲ್ಲೇ ಯಲ್ಲಮ್ಮನ ಜಾತ್ರೆ ನಡೆಯುತ್ತದೆ. ಗಂಡಾಗಿ ಹುಟ್ಟಿ, ದೇವಿ ಒಲಿದಳೆಂದು ಸೀರೆಯುಟ್ಟು, ಚೌಡಿಕೆ ಹಿಡಿದು ಹಾಡುವ, ತಲೆಯ ಮೇಲೆ ಕೊಡ ಹೊತ್ತು ಕುಣಿಯುವ ಜೋಗಪ್ಪಗಳನ್ನು ಈ ಭಾಗದವರಿಗೆ ಪರಿಚಯಿಸಬೇಕಿಲ್ಲ. ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಆ ಕುಣಿತದಿಂದಲೇ ಬದುಕು ಕಟ್ಟಿಕೊಂಡು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಪಡೆದರು.

ಆದರೆ ಇಲ್ಲೇ ಒಂದು ಗೊಂದಲವನ್ನು ಬಿಡಿಸಬೇಕು. ಸ್ತ್ರೀವೇಷಧಾರಿ, ಸಲಿಂಗಿ, ಮಂಗಳಮುಖಿ ಈ ಮೂವರನ್ನೂ ಫಾರ್ವರ್ಡುಗಳು ಒಂದೇ ಚೀಲಕ್ಕೆ ತುಂಬುತ್ತವೆ. ಸ್ತ್ರೀವೇಷ ಒಂದು ಕಲೆ. ಅದನ್ನು ಹಾಕುವವರಲ್ಲಿ ಹೆಂಡತಿ ಮಕ್ಕಳೊಂದಿಗೆ ಸಂಸಾರ ನಡೆಸಿದವರು ಎಷ್ಟೋ ಮಂದಿ. ಸಲಿಂಗಿ ಪುರುಷ ಎಂದರೆ ಪುರುಷನತ್ತ ಆಕರ್ಷಿತನಾಗುವ ಪುರುಷ. ತಾನು ಗಂಡಸು ಎಂಬ ಬಗ್ಗೆ ಅವನಿಗೆ ಸಂಶಯವಿರುವುದಿಲ್ಲ, ಸೀರೆ ಉಡುವ ಆಸೆಯೂ ಇರಬೇಕೆಂದಿಲ್ಲ. ಲಿಂಗತ್ವ ಅಲ್ಪಸಂಖ್ಯಾತರು ಹುಟ್ಟಿನಲ್ಲಿ ಗುರುತಿಸಿದ ಲಿಂಗ ತಮ್ಮದಲ್ಲ ಎಂದು ಒಳಗಿನಿಂದ ಅರಿತವರು. ಮಂಜಮ್ಮ ಜೋಗತಿಯವರನ್ನು ‘ಗೇ’ ಎಂದು ಕರೆಯುವುದು ತಪ್ಪು, ಮಿಸ್ಟರ್ ಗೇ ಇಂಡಿಯಾ ಗೆದ್ದವರನ್ನು ‘ಮಂಗಳಮುಖಿ’ ಎನ್ನುವುದೂ ತಪ್ಪು. ತಮಿಳುನಾಡಿನ ‘ಮಿಸ್ ಕೂವಾಗಂ’ ಮಂಗಳಮುಖಿಯರ ಸ್ಪರ್ಧೆ; ಅದರ ವಿಡಿಯೊಗೆ ‘ಸಲಿಂಗಿಗಳ ಸ್ಪರ್ಧೆ’ ಎಂದು ಹೆಸರಿಟ್ಟು ಹಂಚಬೇಡಿ. ಒಬ್ಬರೇ ವ್ಯಕ್ತಿ ಎರಡು ಗುಂಪಿಗೂ ಸೇರಿರಬಹುದು, ಆದರೆ ಅದನ್ನು ಹೇಳಬೇಕಾದವರು ಅವರೇ.

ಈ ವ್ಯತ್ಯಾಸ ಬರೀ ಪದಗಳದ್ದಲ್ಲ. ಸರ್ಕಾರಿ ನೇಮಕಾತಿಯಲ್ಲಿ ಕರ್ನಾಟಕ 2021ರಲ್ಲಿ ತಂದ ಶೇ 1ರ ಮೀಸಲಾತಿ ಲಿಂಗತ್ವ ಅಲ್ಪಸಂಖ್ಯಾತರಿಗೆ, ಸಲಿಂಗಿ ಪುರುಷರಿಗಲ್ಲ.

ನೋಡಿದರೆ ಅಂಟುತ್ತದೆಯೇ?

ಇಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲೇ ಸಲಿಂಗ ಆಕರ್ಷಣೆಯನ್ನು ರೋಗಗಳ ಪಟ್ಟಿಯಿಂದ ತೆಗೆಯಿತು. ಭಾರತೀಯ ಮನೋವೈದ್ಯರ ಸಂಘವೂ 2018ರಲ್ಲಿ ಇದು ಕಾಯಿಲೆಯಲ್ಲ ಎಂದು ಹೇಳಿತು. 2019ರಲ್ಲಿ ಪ್ರಕಟವಾದ, ಸುಮಾರು 4.7 ಲಕ್ಷ ಜನರ ವಂಶವಾಹಿ ಮಾಹಿತಿ ನೋಡಿದ ಅಧ್ಯಯನವೊಂದು ‘ಗೇ ಜೀನ್’ ಎಂಬ ಒಂದೇ ಜೀನ್ ಇಲ್ಲ ಎಂದು ತೋರಿಸಿತು. ಅನೇಕ ಜೀನುಗಳ ಸಣ್ಣ ಸಣ್ಣ ಪ್ರಭಾವ, ಜತೆಗೆ ಬೇರೆ ಅಂಶಗಳು ಎಲ್ಲ ಸೇರಿ ಆಗುವ ಸಂಗತಿ ಇದು. ದೊಡ್ಡಾಟ ನೋಡುತ್ತ ಬೆಳೆದ ತಲೆಮಾರುಗಳು ಹೆಣ್ಣುವೇಷ ನೋಡಿ ಬದಲಾಗಲಿಲ್ಲ. ‘ಸರಿ ಮಾಡುತ್ತೇವೆ’ ಎಂದು ಹೇಳುವ ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ವೃತ್ತಿ ದುರ್ನಡತೆ ಎಂದಿದೆ. ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂಬುದೂ ಚಿಕಿತ್ಸೆಯಲ್ಲ. ಅದರಲ್ಲಿ ಒಬ್ಬ ಹುಡುಗಿಯ ಬದುಕೂ ಸೇರಿರುತ್ತದೆ.

ಎಚ್‌ಐವಿ ವಿಷಯಕ್ಕೆ ಬಂದರೆ, ಅದು ವೇದಿಕೆ ಹಂಚಿಕೊಂಡರೆ, ವಿಗ್ ಹಂಚಿಕೊಂಡರೆ, ಒಂದೇ ತಟ್ಟೆಯಲ್ಲಿ ಉಂಡರೆ ಬರುವುದಿಲ್ಲ. ವೇಷ ಕಟ್ಟುವ ಎಲ್ಲರಿಗೂ, ಅವರು ಯಾರೇ ಆಗಿರಲಿ, ಒಂದು ಮಾತು ಮಾತ್ರ ಅನ್ವಯಿಸುತ್ತದೆ: ಗಡ್ಡ ಬೋಳಿಸುವ ಬ್ಲೇಡ್ ಹಂಚಿಕೊಳ್ಳಬೇಡಿ. ರಕ್ತದ ಮೂಲಕ ಹೆಪಟೈಟಿಸ್ ಬಿ ಬರಬಹುದು. ಎಚ್‌ಐವಿ ಪರೀಕ್ಷೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಫಲಿತಾಂಶ ಗುಟ್ಟಾಗಿಡಬೇಕು ಎನ್ನುತ್ತದೆ 2017ರ ಕಾಯ್ದೆ. ಮಾಹಿತಿಗೆ 1097.

ರಾಯಚೂರಿನಲ್ಲಿ ನಡೆಸಬೇಕೆಂದರೆ

ಬೇರೆ ಯಾವ ಕಾರ್ಯಕ್ರಮಕ್ಕೂ ಬೇಕಾದದ್ದೇ ಇದಕ್ಕೂ ಬೇಕು. ಪಂಡಿತ ಸಿದ್ಧರಾಮ ಜಂಬಲದಿನ್ನಿ ರಂಗಮಂದಿರದಂಥ ಸಭಾಂಗಣ ಬುಕ್ ಮಾಡಬೇಕು, ಪೊಲೀಸ್ ಠಾಣೆಗೆ ಬರಹದಲ್ಲಿ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬಯಲಲ್ಲಿ ಮಾಡಿದರೆ ರಾತ್ರಿ 10ರ ನಂತರ ಧ್ವನಿವರ್ಧಕ ಹಾಕುವಂತಿಲ್ಲ. ಅಶ್ಲೀಲತೆಯ ಕಾನೂನು ಎಲ್ಲ ವೇದಿಕೆಗೂ ಒಂದೇ, ಆರ್ಕೆಸ್ಟ್ರಾಗೆ ಎಷ್ಟೋ ಇದಕ್ಕೂ ಅಷ್ಟೇ. ಸಿನಿಮಾ ಹಾಡು ಹಾಕಿ ಕುಣಿಯುವುದಾದರೆ ಹಕ್ಕುಸ್ವಾಮ್ಯದ ಪರವಾನಗಿ ಬೇಕು. ಮದುವೆಗೆ ವಿನಾಯಿತಿ ಇದೆ, ಟಿಕೆಟ್ ಇಟ್ಟ ಪ್ರದರ್ಶನಕ್ಕಿಲ್ಲ. ಚೌಡಿಕೆ ಪದವನ್ನೋ ತತ್ವಪದವನ್ನೋ ಸ್ವತಃ ಹಾಡಿದರೆ ಆ ತಲೆನೋವೇ ಇಲ್ಲ (ನನ್ನನ್ನು ಕೇಳಿದರೆ ಅದೇ ಚೆಂದ).

ಸಮಯ ಮಧ್ಯಾಹ್ನ ಇರಲಿ. ಮಾನ್ವಿ, ದೇವದುರ್ಗ ಎರಡೂ ರಾಯಚೂರಿನಿಂದ ಸುಮಾರು 50 ಕಿಲೋಮೀಟರ್. ಕೊನೆಯ ಬಸ್ ತಪ್ಪಿದರೆ ಮುಖದಲ್ಲಿ ಅರ್ಧ ಬಣ್ಣ ಉಳಿದ ಹುಡುಗ ಬಸ್ ನಿಲ್ದಾಣದಲ್ಲಿ ರಾತ್ರಿ ಕಳೆಯಬೇಕು. ಬಣ್ಣ ತೆಗೆದು ಮುಖ ತೊಳೆಯಲು ಬಾಗಿಲು ಹಾಕಿಕೊಳ್ಳುವಂಥ ಕೋಣೆ, ನೀರು ಬೇಕೇ ಬೇಕು. ಟ್ರೋಫಿಗಿಂತ ಮೊದಲು ಇದಕ್ಕೆ ದುಡ್ಡಿಡಬೇಕು ಎನ್ನುತ್ತೇನೆ.

ವಯಸ್ಸು 18 ಆಗಿದೆಯೇ ಎಂದು ದಾಖಲೆ ನೋಡಿದರೆ ಸಾಕು, ಆಧಾರ್ ನಕಲು ಸಂಗ್ರಹಿಸಬೇಡಿ. ಸ್ಪರ್ಧಿಗಳು ರಂಗದ ಹೆಸರಿನಲ್ಲೇ ಭಾಗವಹಿಸಲಿ. ಫೋಟೊಗೆ ಒಪ್ಪಿದವರಿಗೆ ಒಂದು ಬಣ್ಣದ ದಾರ, ಒಪ್ಪದವರಿಗೆ ಇನ್ನೊಂದು ಬಣ್ಣದ ದಾರ ಕೈಗೆ ಕಟ್ಟಿ. ಪ್ರೇಕ್ಷಕರ ಮೊಬೈಲ್ ಕ್ಯಾಮೆರಾಕ್ಕೆ ಬಾಗಿಲಲ್ಲೇ ಸ್ಟಿಕರ್ ಅಂಟಿಸುವುದೂ ಒಂದು ದಾರಿ.

ಒಂದು ಫಾರ್ವರ್ಡ್ ಏನು ಮಾಡುತ್ತದೆ

ಮಾನ್ವಿಯ ಒಬ್ಬ ಹುಡುಗ ಎಂದು ಇಟ್ಟುಕೊಳ್ಳಿ. ಮದುವೆ ಮೆರವಣಿಗೆಗಳಲ್ಲಿ, ಜಾತ್ರೆಯ ನಾಟಕಗಳಲ್ಲಿ ಡಾನ್ಸ್ ಮಾಡಿ ದುಡಿಯುತ್ತಾನೆ. ಅವನು ಗೇ ಎಂಬುದು ಇಬ್ಬರು ಗೆಳೆಯರಿಗಷ್ಟೇ ಗೊತ್ತು. ರಾಯಚೂರಿನ ವೇದಿಕೆಯಲ್ಲಿ ಅವನು ನಿಂತ 15 ಸೆಕೆಂಡಿನ ವಿಡಿಯೊ, ‘ಇವನು ನಿಮ್ಮ ಊರವನೇ ನೋಡಿ’ ಎಂಬ ಸಾಲಿನ ಜತೆ ಊರಿನ ಗ್ರೂಪಿಗೆ ಬರುತ್ತದೆ. ಹಾಕಿದವನಿಗೆ ಅದು ತಮಾಷೆ. ಹುಡುಗನಿಗೆ ಅಣ್ಣನ ಹೊಡೆತ, ರದ್ದಾದ ಬುಕಿಂಗ್, ಬಾಡಿಗೆ ಮನೆ ಖಾಲಿ ಮಾಡಿ ಎನ್ನುವ ಮಾಲೀಕ. ‘ಡಿಲೀಟ್ ಮಾಡಬೇಕಾದರೆ 10 ಸಾವಿರ ಕೊಡು’ ಎನ್ನುವವನೂ ಹಿಂದೆಯೇ ಬರುತ್ತಾನೆ.

ಹೀಗೆ ಹಣ ಕೇಳುವುದು ಭಾರತೀಯ ನ್ಯಾಯ ಸಂಹಿತೆಯ 308ನೇ ಕಲಮಿನ ಪ್ರಕಾರ ಸುಲಿಗೆ. ಬೆದರಿಕೆಗೆ ಒಳಗಾದವನು ಗೇ ಹೌದೋ ಅಲ್ಲವೋ ಎಂಬುದು ದೂರಿಗೆ ಸಂಬಂಧಿಸಿದ ವಿಷಯವೇ ಅಲ್ಲ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿದಾಗ, ಲೈಂಗಿಕ ಒಲವೂ ಅದರ ಭಾಗ ಎಂದು ಗುರುತಿಸಿತ್ತು.

ಇಂಥ ವಿಡಿಯೊ ನಿಮ್ಮ ಗ್ರೂಪಿಗೆ ಬಂದರೆ ಬೈದು ಕಳಿಸುವುದಕ್ಕೂ, ‘ಪಾಪ’ ಎಂದು ಕಳಿಸುವುದಕ್ಕೂ ಫಲ ಒಂದೇ, ಮುಖ ಇನ್ನಷ್ಟು ಜನಕ್ಕೆ ತಲುಪುತ್ತದೆ. ಅಡ್ಮಿನ್ ಆಗಿದ್ದರೆ ‘ಎಲ್ಲರಿಗೂ ಅಳಿಸು’ ಒತ್ತಿ. ವಿಡಿಯೊದಲ್ಲಿ ಇರುವವರು ನಿಮಗೆ ಪರಿಚಯದವರಾದರೆ ಅವರಿಗೊಬ್ಬರಿಗೇ ಫೋನ್ ಮಾಡಿ ಹೇಳಿ, ಮನೆಯವರಿಗಲ್ಲ. ಬೆದರಿಕೆ ಬಂದವರು ಚಾಟ್, ನಂಬರ್, ಯುಪಿಐ ಐಡಿ ಮೂರರ ಸ್ಕ್ರೀನ್‌ಶಾಟ್ ತೆಗೆದ ಮೇಲೆಯೇ ಬ್ಲಾಕ್ ಮಾಡಬೇಕು. ದುಡ್ಡು ಕೊಟ್ಟಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಮನಸ್ಸು ತೀರಾ ಕುಸಿದಿದ್ದರೆ ಟೆಲಿ ಮಾನಸ್ 14416ರಲ್ಲಿ ಕನ್ನಡದಲ್ಲೇ ಮಾತನಾಡಬಹುದು. ಯಾವ ಹೊತ್ತಿನಲ್ಲಾದರೂ ಸರಿ, ದುಡ್ಡು ಖರ್ಚಾಗುವುದಿಲ್ಲ.