ಹುಲ್ಲು ಒಲ್ಲೆನೆನ್ನುವ ಮರಿ ಆಮೆ

ಪುತ್ತಿಗೆ, ಸೀತಾಂಗೋಳಿ, ಕುಂಬಳೆ ಸೀಮೆಯ ಮಕ್ಕಳಿಗೆ ಸರೀಸೃಪವೊಂದಕ್ಕೆ ಅನ್ನವಿಕ್ಕುವುದು ಅಪರಿಚಿತ ದೃಶ್ಯವಲ್ಲ. ಅನಂತಪುರ ಕ್ಷೇತ್ರದ ಕೆರೆಯಲ್ಲಿದ್ದ ಮೊಸಳೆ ಬಬಿಯಾ 2022ರ ಅಕ್ಟೋಬರ್ 9ರಂದು ಕಣ್ಮುಚ್ಚುವವರೆಗೂ ದೇವರ ನೈವೇದ್ಯದ ಅನ್ನವನ್ನು ಸ್ವೀಕರಿಸುತ್ತಿತ್ತು. ಅಂಥ ನೆನಪುಳ್ಳ ಊರಿನ ಮನೆಗೆ ಮರಿ ಆಮೆಯೊಂದು ಬಂದರೆ ಅದರ ಮುಂದೆಯೂ ಅನ್ನ, ಬಾಳೆಹಣ್ಣು, ಬಿಸ್ಕತ್ತು ಬೀಳುವುದು ಸಹಜವೇ. ಬಬಿಯಾಳ ಕಥೆ ಭಕ್ತಿಗೆ ಸೇರಿದ್ದು. ನೆಲದಾಮೆಯ ಹೊಟ್ಟೆಯಾದರೋ ಹುಲ್ಲಿಗಾಗಿ ರೂಪುಗೊಂಡದ್ದು.

ಆಹಾರದ ಮಾತಿಗೆ ಮೊದಲು ಒಡೆತನದ ಮಾತು ತೀರಬೇಕು. ನಮ್ಮ ತೋಡು, ಗದ್ದೆ, ಹೊಳೆಗಳ ಆಮೆಗಳನ್ನು ಹಿಡಿದು ಸಾಕುವುದಕ್ಕೆ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಅವಕಾಶ ಕೊಡುವುದಿಲ್ಲ. ಬಾವಿಗೆ ಆಮೆ ಬಿಟ್ಟರೆ ನೀರು ಶುದ್ಧವಾಗಿರುತ್ತದೆಂಬ ಹಿರಿಯರ ನಂಬಿಕೆಗೂ ಅದರಲ್ಲಿ ವಿನಾಯಿತಿ ಇಲ್ಲ. ಬೆನ್ನ ಮೇಲೆ ಹಳದಿ ಗೆರೆಗಳ ಚಿತ್ತಾರವಿರುವ ನಕ್ಷತ್ರ ಆಮೆ ಗುಟ್ಟಾಗಿ ಮಾರಾಟವಾಗುವುದುಂಟು. 2022ರ ತಿದ್ದುಪಡಿಯ ಬಳಿಕ ಅದು ಮೊದಲನೆಯ ಅನುಸೂಚಿಯಲ್ಲಿದೆ. ಆ ಅನುಸೂಚಿಯ ಪ್ರಾಣಿಗಳ ಕುರಿತ ಅಪರಾಧಕ್ಕೆ ಕನಿಷ್ಠ 3 ವರ್ಷ, ಗರಿಷ್ಠ 7 ವರ್ಷ ಸೆರೆವಾಸ, ಮೇಲೆ ದಂಡ. ಮಗು ಅರಿಯದೆ ಅಂಥದೊಂದನ್ನು ಎತ್ತಿ ತಂದರೆ ಗದರಿಸಿ ಅಡಗಿಸುವುದು ತಪ್ಪು ದಾರಿ. ಕಾಯಿದೆಯ 39ನೆಯ ಕಲಮು 48 ಗಂಟೆಗಳ ಅವಧಿ ಕೊಟ್ಟಿದೆ. ಅಷ್ಟರೊಳಗೆ ಸಮೀಪದ ಪೊಲೀಸ್ ಠಾಣೆಗೋ ಅರಣ್ಯಾಧಿಕಾರಿಗೋ ತಿಳಿಸಿ ಒಪ್ಪಿಸಿದರೆ ಸರಿ.

ಪೇಟೆಯ ಅಂಗಡಿಗಳಲ್ಲಿ ಸಿಗುವ ಆಫ್ರಿಕದ ಸುಲ್ಕಾಟ ಎಂಬ ನೆಲದಾಮೆಯ ವಿಷಯ ಬೇರೆ. ಅಂತರರಾಷ್ಟ್ರೀಯ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಯನ್ನು ಸಾಕುವವರು, 2024ರ ನಿಯಮಗಳ ಪ್ರಕಾರ, ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣದ ಮೂಲಕ ನೋಂದಾಯಿಸಬೇಕು. ನೋಂದಣಿಗಿಂತಲೂ ದೊಡ್ಡ ಪ್ರಶ್ನೆಯೊಂದಿದೆ. ಅಂಗೈಯಲ್ಲಿ ಕೂರುವ ಆ ಮರಿ ಬೆಳೆದು 40 ಕಿಲೋ ದಾಟಬಲ್ಲದು, ಅದನ್ನು ತಂದ ಮಗು ಅಜ್ಜನಾಗುವವರೆಗೂ ಬದುಕಬಲ್ಲದು. ಕೊಳ್ಳುವ ಮುನ್ನ ತಂದೆತಾಯಂದಿರು ಇದನ್ನು ಯೋಚಿಸಿದ್ದು ಕಡಿಮೆ.

ಈಗ ಹಟಮಾರಿ ಮರಿಯ ಕಡೆಗೆ. ಹಣ್ಣಿನ ಸಿಹಿಗೆ ಒಮ್ಮೆ ಮನಸೋತ ಮರಿ ಗರಿಕೆಯನ್ನು ಮೂಸಿ ಮುಖ ತಿರುಗಿಸುತ್ತದೆ. ಮನೆಯವರು ಕನಿಕರಿಸಿ ಮತ್ತೆ ಬಾಳೆಹಣ್ಣನ್ನೇ ಕೊಡುತ್ತಾರೆ. ಹೀಗೆ ಹಟ ಕಲಿತದ್ದು ಆಮೆಯಾದರೂ ಕಲಿಸಿದವರು ಮನೆಯವರೇ. ಸಕ್ಕರೆಯಂಶ ಹೆಚ್ಚಾದರೆ ಕರುಳಿನಲ್ಲಿ ನಾರನ್ನು ಕೊಳೆಯಿಸಿ ಜೀರ್ಣಿಸುವ ಸೂಕ್ಷ್ಮಜೀವಿಗಳ ಸಮತೋಲ ಕೆಡುತ್ತದೆ, ಭೇದಿಯಾಗುತ್ತದೆ. ಸುಣ್ಣದಂಶ ಸಾಲದೆ ಹೋದರೆ ಚಿಪ್ಪು ಮೆತ್ತಗಾಗುತ್ತದೆ.

ರುಚಿಯನ್ನು ತಿದ್ದುವುದಕ್ಕೆ ಬಲಾತ್ಕಾರ ಬೇಡ, ಉಪವಾಸವೂ ಬೇಡ. ಗರಿಕೆಯನ್ನು ಸಣ್ಣಗೆ ಕೊಚ್ಚಿ, ಮರಿಗೆ ಪ್ರಿಯವಾದ ವಸ್ತುವನ್ನು ಹಿಸುಕಿ ಅದಕ್ಕೆ ಸವರಿ, ಮೈ ಬೆಚ್ಚಗಾದ ಬೆಳಗಿನ ಹೊತ್ತಿನಲ್ಲಿ ಇಡಬೇಕು. ದಿನ ಕಳೆದಂತೆ ಸಿಹಿ ಕಡಿಮೆಯಾಗುತ್ತ ಹುಲ್ಲು ಹೆಚ್ಚುತ್ತ ಹೋಗಲಿ. ಇದು ವಾರಗಳ ಕೆಲಸ. ಕೆಂಪು ದಾಸವಾಳದ ಹೂವು ಇಲ್ಲಿ ಒಳ್ಳೆಯ ದಲ್ಲಾಳಿ: ಬಣ್ಣಕ್ಕೆ ಮರಿ ಒಲಿಯುತ್ತದೆ, ಹೂವಿನ ಬೆನ್ನಿಗೆ ಎಲೆಯನ್ನೂ ತಿನ್ನುತ್ತದೆ. ಹಿಪ್ಪುನೇರಳೆ ಎಲೆ, ಮುಳ್ಳು ತೆಗೆದ ಪಾಪಾಸುಕಳ್ಳಿಯೂ ಆದೀತು. ಬಸಳೆ ಮನುಷ್ಯರ ಪಾಲಿಗೇ ಇರಲಿ. ಅದರಲ್ಲಿಯೂ ಹರಿವೆಯಲ್ಲಿಯೂ ಇರುವ ಆಕ್ಸಲೇಟ್ ಸುಣ್ಣದಂಶವನ್ನು ಹಿಡಿದಿಡುತ್ತದೆ. ಸುಣ್ಣದಂಶಕ್ಕೆ ಆಯುರ್ವೇದವು ಸಮುದ್ರಫೇನವೆಂದು ಕರೆಯುವ ಕಪ್ಪೆಬೊಂಡಾಸಿನ ಬೆನ್ನೆಲುಬು ಸಾಕು. ಕಡಲ ದಂಡೆಯಲ್ಲಿ ಆಯ್ದು, ಉಪ್ಪು ಹೋಗುವಂತೆ ನೀರಿನಲ್ಲಿ ನೆನೆಸಿ ಒಣಗಿಸಿದ ತುಂಡೊಂದನ್ನು ಗೂಡಿನಲ್ಲಿಟ್ಟರೆ ಮರಿ ತನಗೆ ಬೇಕಾದಷ್ಟು ಕೆರೆದು ತಿನ್ನುತ್ತದೆ.

ಹುಲ್ಲು ಎಲ್ಲಿಯದು ಎಂಬುದನ್ನು ಮಾತ್ರ ಕೇಳಲೇಬೇಕು. ಅಡಿಕೆಗೆ ಕೊಳೆರೋಗದ ಮದ್ದು ಬಿಟ್ಟಾಗ ಮೈಲುತುತ್ತಿನ ಹನಿ ಬುಡದ ಹುಲ್ಲಿಗೂ ಬೀಳುತ್ತದೆ. ಗೇರು ತೋಟಗಳ ಮೇಲೆ ಸುರಿದ ಎಂಡೋಸಲ್ಫಾನ್ ಏನು ಮಾಡಿತೆಂಬುದನ್ನು ಈ ಜಿಲ್ಲೆಗೆ ಬೇರೆಯವರು ಹೇಳಬೇಕಾಗಿಲ್ಲ. ಮದ್ದು ಸೋಕದ ಅಂಗಳದ ಮೂಲೆಯ ಗರಿಕೆಯೇ ಕ್ಷೇಮ.

ಆಟಿ ತಿಂಗಳಲ್ಲಿ ಮರಿ ಏನನ್ನೂ ಮುಟ್ಟದಿದ್ದರೆ ಅದು ಹಟವಲ್ಲ. ಆಮೆಯ ಮೈ ತಾನಾಗಿ ಬಿಸಿಯಾಗದು. ಚಳಿಯಲ್ಲಿ ತಿಂದದ್ದು ಅರಗುವುದಿಲ್ಲ, ಆದಕಾರಣ ಹಸಿವೂ ಆಗುವುದಿಲ್ಲ. ಗೂಡಿನ ಒಂದು ಮೂಲೆ 35 ಡಿಗ್ರಿ ಸೆಲ್ಸಿಯಸಿನ ಆಸುಪಾಸು ಬೆಚ್ಚಗಿರುವಂತೆ ದೀಪವಿಟ್ಟು, ಇನ್ನೊಂದು ಮೂಲೆಯನ್ನು ತಂಪಾಗಿ ಬಿಡಬೇಕು. ಕಿಟಕಿಯ ಗಾಜಿನ ಹಿಂದಿನ ಬಿಸಿಲು ಪ್ರಯೋಜನಕ್ಕೆ ಬಾರದು. ಚಿಪ್ಪು ಗಟ್ಟಿಯಾಗಲು ಬೇಕಾದ ಅತಿನೇರಳೆ ಕಿರಣವನ್ನು ಗಾಜು ತಡೆಯುತ್ತದೆ. ಗದ್ದದವರೆಗೆ ಬರುವಷ್ಟು ಉಗುರುಬೆಚ್ಚಗಿನ ನೀರಿನಲ್ಲಿ ಕಾಲು ಗಂಟೆ ಕೂರಿಸಿದರೆ ಎಷ್ಟೋ ಮರಿಗಳು ನೀರು ಕುಡಿದು, ಹೊಟ್ಟೆ ಸಡಿಲಿಸಿ, ಆಮೇಲೆ ತಟ್ಟೆಯತ್ತ ನಡೆಯುತ್ತವೆ.

ಇಷ್ಟಾದರೂ ತಿನ್ನದೆ, ಕಣ್ಣು ಗುಳಿಬಿದ್ದು, ಮೂಗಿನಲ್ಲಿ ನೊರೆ ಕಂಡರೆ ತಟ್ಟೆ ಬದಲಿಸುತ್ತ ಕೂರುವಂತಿಲ್ಲ. ಅದೇ ದಿನ ಪಶುವೈದ್ಯರ ಬಳಿಗೆ ಒಯ್ಯಬೇಕು. ಆಮೆಯ ಮೈಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಾಣು ಇರಬಹುದಾದ್ದರಿಂದ ಮುಟ್ಟಿದ ಮಕ್ಕಳು ಪ್ರತಿ ಸಲವೂ ಸಾಬೂನಿನಿಂದ ಕೈ ತೊಳೆಯಬೇಕು. ಮಳೆ ಬಿಟ್ಟು ಬಿಸಿಲು ಬಂದ ದಿನ ಮರಿಯನ್ನು ಅಂಗಳದ ಗರಿಕೆಗೆ ಬಿಡಬಹುದು, ಪಕ್ಕದಲ್ಲಿ ನೆರಳಿರಲಿ, ಕಾಗೆಯ ಭಯಕ್ಕೆ ಮೇಲೊಂದು ಬಲೆಯೂ ಇರಲಿ.