ಗೋಡೆಯೊಳಗಿನ ಕೇಬಲ್ ಡಿಎಂಎಕ್ಸ್‌ಗೆ ನಡೀತದೇನು?

ಧಾರವಾಡದ ಸೃಜನಾ ರಂಗಮಂದಿರ ಇರಲಿ, ಹುಬ್ಬಳ್ಳಿಯ ಸವಾಯಿ ಗಂಧರ್ವ ಹಾಲ್ ಇರಲಿ, ನಾಟಕದ ತಂಡಕ್ಕ ಲೈಟ್ ಕಟ್ಟಲಿಕ್ಕ ಸಿಗೋದು ಕೆಲವೇ ತಾಸು. ಯಾವ ರಂಗಮಂದಿರದಾಗರ ಮೊದಲೇ ಎಳೆದ ಕೇಬಲ್ ಕಂಡ್ರ ಜೀವಕ್ಕ ಹಗುರ ಅನಸ್ತದ. ಆದ್ರ ಹಚ್ಚೂಕಿಂತ ಮೊದಲು ಪರೀಕ್ಷೆ ಮಾಡ್ರಿ.

ಕನ್ಸೋಲಿನ ಅಪ್ಪಣೆ ಲೈಟಿಗೆ ಮುಟ್ಟಸೂ ಡಿಎಂಎಕ್ಸ್512 ಸೆಕೆಂಡಿಗೆ 2,50,000 ಬಿಟ್ ಓಡಸ್ತದ. ಅದಕ್ಕ ಹೊಸೆದ ಜೋಡಿ ತಂತಿ, ಸುತ್ತ ಶೀಲ್ಡ್, ಸುಮಾರು 120 ಓಮ್ ಇಂಪೆಡೆನ್ಸ್ ಬೇಕು.

ಗೋಡೆಯ ಪ್ಲೇಟ್ ಬಿಚ್ಚಿ, ಕೇಬಲ್ ಮೈಮೇಲಿನ ಅಕ್ಷರ ಓದ್ರಿ. ಆರ್‌ಎಸ್-485 ಅಂತಿದ್ರ ಛಲೋ. ಕ್ಯಾಟ್5ಇ 100 ಓಮ್ ಇದ್ರೂ ಕಾಯಂ ವೈರಿಂಗಿಗೆ ನಡೀತದ. ಮೈಕ್ ಕೇಬಲ್ ಇದ್ರ ಮಾತ್ರ ಬ್ಯಾಡ. ಎಕ್ಸ್‌ಎಲ್‌ಆರ್ ಪಿನ್ ಕೂಡ್ತಾವ, ರಿಹರ್ಸಲ್ ಸುಸೂತ್ರ ನಡದೂ ಬಿಡಬಹುದು. ದೂರ ಹೆಚ್ಚಾತು, ಲೈಟ್ ಹೆಚ್ಚಾದ್ವು ಅಂದ್ರ ತಾವಾಗೇ ಮಿಣುಕಾಕ ಹತ್ತಾವ, ಅದೂ ಪ್ರೇಕ್ಷಕರ ಮುಂದ!

ಇಂಪೆಡೆನ್ಸ್ ಮಲ್ಟಿಮೀಟರ್‌ಗೆ ಸಿಗೂದಿಲ್ಲ. ತಂತಿ ಜೋಡಣೆ ಸಿಗ್ತದ. ಕನ್ಸೋಲು, ಲೈಟು ಎಲ್ಲಾ ಬಿಚ್ಚಿ, ಆ ತುದಿಗೆ 2 ಮತ್ತ 3ನೇ ಪಿನ್ ನಡುವ 120 ಓಮ್ ರೆಸಿಸ್ಟರ್ (ಟರ್ಮಿನೇಟರ್) ಹಚ್ರಿ. ಈ ತುದಿಯಾಗ 120ಕ್ಕಿಂತ ಚೂರು ಹೆಚ್ಚು ತೋರಿಸಬೇಕು. ಸುಮಾರು 60 ಬಂತೋ, ನಡುವ ಎಲ್ಲೋ ಇನ್ನೊಂದು ಟರ್ಮಿನೇಟರ್ ಕೂತದ. ಸೊನ್ನೆ ಹತ್ರ ಬಂದ್ರ ಶಾರ್ಟ್. ಏನೂ ತೋರಿಸದಿದ್ರ ತಂತಿ ಕಡಿದದ, ಇಲ್ಲಾ ಪಿನ್ ಅದಲುಬದಲು.

ನಡುವ ಯಾರರ ಕವಲು ಒಡೆಸಿದ್ರ ಮೀಟರ್‌ಗೂ ತಿಳಿಯೂದಿಲ್ಲ. ಅದಕ್ಕ ಜಂಕ್ಷನ್ ಬಾಕ್ಸ್ ಒಂದೊಂದೂ ತೆಗೆದು ನೋಡ್ರಿ. ಕವಲು ಬೇಕೇಬೇಕಂದ್ರ ಡಿಎಂಎಕ್ಸ್ ಸ್ಪ್ಲಿಟರ್ ಹಾಕ್ರಿ.